ಗೋಡೆಯ ಮೇಲಣ ನಿಂದೆ

ದೇವರ ಮನೆಯ ಗೋಡೆಯ ಮೇಲೆ, ಅನ್ಯಧರ್ಮದವರನ್ನು ಹೀಯಾಳಿಸುವುದಕ್ಕೆಂದೇ ಪೂರ್ವಿಕರು ಕೆತ್ತಿಸಿದ ಶಿಲ್ಪವೊಂದು ಉಳಿದು ಬಂದಿದ್ದರೆ, ಅದು ಪಾಪವೆಂದು ಮನಸಾರೆ ಒಪ್ಪಿಕೊಂಡ ಈಗಿನವರು ಅದನ್ನು ಕಿತ್ತು ತೆಗೆಯತಕ್ಕದ್ದೋ, ಇಲ್ಲವೆ ಆ ಪಾಪಕ್ಕೆ ಸಾಕ್ಷಿಯಾಗಿ ಅಲ್ಲಿಯೇ ಉಳಿಸತಕ್ಕದ್ದೋ ಎಂಬ ಪ್ರಶ್ನೆಗೆ ಮನೆಯಲ್ಲಿ ಕುಳಿತು ಉತ್ತರ ಹೇಳುವುದು ಸುಲಭ. ಜರ್ಮನಿಯ ವಿಟೆನ್‌ಬರ್ಗಿನ ಊರ ಚರ್ಚಿನ ಆಗ್ನೇಯ ಮೂಲೆಯಲ್ಲಿ ಕತ್ತೆತ್ತಿ ನಿಂತವರಿಗೆ ಅದು ಅಷ್ಟು ಸುಲಭವೆನಿಸುವುದಿಲ್ಲ.

ಬರ್ಲಿನ್ನಿನಲ್ಲಿ ಉದ್ಯೋಗದಲ್ಲಿರುವ ಮಗನ ಮನೆಯಲ್ಲಿ ನಾನೂ ನನ್ನ ಹೆಂಡತಿಯೂ ಇದ್ದ ದಿನಗಳಲ್ಲಿ, ಮಗ, ಸೊಸೆ, ಮೊಮ್ಮಗಳೊಡನೆ ಎಲ್ಬೆ ನದಿಯ ದಡದ ಈ ಪುರಾತನ ಪಟ್ಟಣಕ್ಕೆ ಬೆಳಗಿನ ರೈಲಿನಲ್ಲಿ ಹೋಗಿ ಸಂಜೆಗೆ ಹಿಂದಿರುಗಿದೆವು. ಯಾತ್ರಿಕರ ದಟ್ಟಣೆಯೆಲ್ಲ ಅರಮನೆಯ ಚರ್ಚಿನ ಬಾಗಿಲ ಮುಂದೆ. 1517ರ ಅಕ್ಟೋಬರ್ 31ರಂದು ಮತಸುಧಾರಕ ಮಾರ್ಟಿನ್ ಲೂಥರನು ತನ್ನ 95 ವಾದಸೂತ್ರಗಳನ್ನು ಮೊಳೆ ಹೊಡೆದು ಅಂಟಿಸಿದನೆಂದು ಪ್ರತೀತಿಯಿರುವ ಬಾಗಿಲು ಅದು. ಆ ಮರದ ಬಾಗಿಲು 1760ರ ಯುದ್ಧದ ಬೆಂಕಿಯಲ್ಲಿ ಉರಿದುಹೋಗಿ, ಈಗ ಇರುವುದು 1858ರ ಕಂಚಿನದು. ಜನ ಅದರ ಮುಂದೆಯೇ ಭಕ್ತಿಯಿಂದ ಚಿತ್ರ ತೆಗೆಸಿಕೊಳ್ಳುತ್ತಾರೆ, ನಾವೂ ತೆಗೆಸಿಕೊಂಡೆವು. ಪೇಟೆಯ ಚೌಕದಲ್ಲಿ ಲೂಥರ್ ಮತ್ತು ಅವನ ಜೊತೆಗಾರ ಮೆಲಾಂಕ್ಟನ್ ಎಂಬ ಇಬ್ಬರು ಮಹನೀಯರ ಪ್ರತಿಮೆಗಳ ಎದುರಿಗೆ ಕುಳಿತು, ಸೊಸೆ ಕಟ್ಟಿಕೊಂಡು ಬಂದಿದ್ದ ಪುಳಿಯೋಗರೆ ಮುಗಿಸಿ, ಊರ ಚರ್ಚನ್ನು ಸುತ್ತಿ ಬಂದಾಗ ನನ್ನ ಹೆಂಡತಿ ಗೋಡೆಯ ಮೇಲ್ಭಾಗವನ್ನು ನೋಡಿ, “ಇಲ್ಲಿಯೂ ವರಾಹಸ್ವಾಮಿ ಇದ್ದಾನಲ್ಲ!” ಎಂದು ಕೈಯೆತ್ತಿದಳು. “ವರಾಹ ಅಲ್ಲಮ್ಮ, ಅದು ಬೈಗುಳ” ಎಂದ ಮಗ.

ಅದು ಸುಮಾರು 1290ರಲ್ಲಿ ಮರಳುಗಲ್ಲಿನಲ್ಲಿ ಕಡೆದ ಹೆಣ್ಣುಹಂದಿ. ಮೊನಚು ಟೋಪಿಯ ಯಹೂದ್ಯರು ಅದರ ಮೊಲೆಗೆ ಬಾಯಿಟ್ಟಿದ್ದಾರೆ. ಅವರ ಧರ್ಮಗುರುವೊಬ್ಬ ಅದರ ಬಾಲವನ್ನೆತ್ತಿ ಒಳಗೆ ಇಣುಕುತ್ತಿದ್ದಾನೆ. ಹಂದಿಯನ್ನು ಅಪವಿತ್ರವೆಂದು ಮುಟ್ಟದ ಜನಕ್ಕೆ ಇದಕ್ಕಿಂತ ಕ್ರೂರವಾದ ಅವಮಾನವನ್ನು ಕಲ್ಲಿನಲ್ಲಿ ಕಲ್ಪಿಸುವುದು ಕಷ್ಟ. ನಮ್ಮಂಥ ದೂರದವರು ಅದನ್ನು ದೇವರೆಂದು ಭ್ರಮಿಸಬಹುದು. ಯಾರನ್ನು ಕುರಿತು ಕೆತ್ತಿದರೋ ಅವರು ಮಾತ್ರ ಅದನ್ನು ತಪ್ಪಾಗಿ ತಿಳಿಯಲಾರರು.

ಈ ಊರಿನಲ್ಲಿ ವಿಗ್ರಹಗಳನ್ನು ಕುರಿತು ನಡೆದ ವಾದವೇನು ಸಾಮಾನ್ಯವಾದುದಲ್ಲ. 1522ರ ಆದಿಯಲ್ಲಿ, ಲೂಥರನು ವಾರ್ಟ್‌ಬುರ್ಗ್ ಕೋಟೆಯಲ್ಲಿ ತಲೆಮರೆಸಿಕೊಂಡಿದ್ದಾಗ, ಕಾರ್ಲ್‌ಸ್ಟಾಟನೆಂಬ ಅವನ ಸಹೋದ್ಯೋಗಿ ಪ್ರತಿಮೆಗಳ ನಿರ್ಮೂಲನವನ್ನು ಬೋಧಿಸಿ ಪುಸ್ತಿಕೆ ಬರೆದನು. ಉತ್ಸಾಹಿಗಳು ಸಂತರ ಚಿತ್ರಗಳನ್ನೂ ಪ್ರತಿಮೆಗಳನ್ನೂ ಒಡೆದು ಸುಟ್ಟರು. ಲೂಥರನು ಮಾರ್ಚಿಯಲ್ಲಿ ಹಿಂದಿರುಗಿ ಇದೇ ಊರ ಚರ್ಚಿನಲ್ಲಿ ಎಂಟು ದಿನ ಎಡೆಬಿಡದೆ ಉಪದೇಶ ಮಾಡಿ, ವಿಗ್ರಹವು ಹೃದಯದಿಂದ ಕಳಚಬೇಕಾದುದೇ ಹೊರತು ಕೊಡಲಿಯಿಂದಲ್ಲ, ಬಲಾತ್ಕಾರದಿಂದ ಶ್ರದ್ಧೆ ಹುಟ್ಟದು ಎಂದು ಜನರ ಆವೇಶವನ್ನು ಇಳಿಸಿದನು. ಒಳಗಿನ ಸಂತರನ್ನು ಸಹಿಸದ ಆ ಕೈಗಳಿಗಾಗಲಿ, ಅವರನ್ನು ತಡೆದ ಈ ಮಹಾಪುರುಷನಿಗಾಗಲಿ ಹೊರಗಿನ ಹಂದಿ ಸಮಸ್ಯೆಯೆಂದೇ ತೋರಲಿಲ್ಲ. ನನಗಂತೂ ವಿಟೆನ್‌ಬರ್ಗಿನ ಇತಿಹಾಸದಲ್ಲಿ ಇದಕ್ಕಿಂತ ವಿಚಾರಾರ್ಹವಾದ ಸಂಗತಿ ಬೇರೊಂದಿಲ್ಲ. 1523ರಲ್ಲಿ ಯೇಸುವು ಹುಟ್ಟಿನಿಂದ ಯಹೂದ್ಯನೆಂದು ಸ್ನೇಹದಿಂದ ಬರೆದವನೇ 1543ರಲ್ಲಿ ಯಹೂದ್ಯರ ಪ್ರಾರ್ಥನಾಮಂದಿರಗಳನ್ನು ಸುಡಬೇಕೆಂದು ಬರೆದನು. ಅದೇ ವರ್ಷದ ಇನ್ನೊಂದು ಪುಸ್ತಕದಲ್ಲಿ ಈ ಶಿಲ್ಪವನ್ನೇ ಹೆಸರಿಸಿ, ಯಹೂದ್ಯರು ಉಚ್ಚರಿಸಲೂ ಅಂಜುವ ಭಗವನ್ನಾಮವನ್ನು ಅದರೊಡನೆ ಜೋಡಿಸಿ ನಕ್ಕನು. ಆ ನಗೆಯ ಅಕ್ಷರಗಳನ್ನು ಅನಂತರದವರು ಹಂದಿಯ ಮೇಲ್ಗಡೆ ಕೆತ್ತಿದರು.

1988ರಲ್ಲಿ ಚರ್ಚಿನ ಸಭೆಯವರು ಶಿಲ್ಪದ ಕೆಳಗೆ ನೆಲದಲ್ಲಿ ಕಂಚಿನ ಫಲಕವೊಂದನ್ನು ಹಾಸಿದರು. ಮುಚ್ಚಿದರೂ ಅಡಗದ ಏನೋ ಒಂದು ಫಲಕದ ಬಿರುಕುಗಳಿಂದ ಉಕ್ಕಿ ಬರುತ್ತಿರುವಂತೆ ಅದನ್ನು ರಚಿಸಿದೆ. ನಾಜಿಗಳಿಂದ ಹತರಾದ 60 ಲಕ್ಷ ಯಹೂದ್ಯರ ಸ್ಮರಣೆ ಅದರ ಅಂಚಿನಲ್ಲಿದೆ. ಶಿಲ್ಪವನ್ನು ತೆಗೆಸಬೇಕೆಂದು ಯಹೂದ್ಯ ನಾಗರಿಕರೊಬ್ಬರು ಹೂಡಿದ ದಾವೆಯನ್ನು ಕಾರ್ಲ್ಸ್‌ರೂಹೆಯಲ್ಲಿರುವ ಜರ್ಮನಿಯ ಫೆಡರಲ್ ನ್ಯಾಯಾಲಯ 2022ರ ಜೂನ್ 14ರಂದು ತಳ್ಳಿಹಾಕಿತು: ಶಿಲ್ಪ ಸ್ವತಃ ನಿಂದೆಯೇ ಹೌದಾದರೂ, ಫಲಕವೂ ವಿವರಣೆಯೂ ಸೇರಿ ಅದು ಸ್ಮಾರಕವಾಗಿ ಮಾರ್ಪಟ್ಟಿದೆ ಎಂದು.

ತೀರ್ಪಿನ ಹಿಂದಿರುವ ಭಾವನೆ ಅಗೌರವಕ್ಕೆ ಅರ್ಹವಲ್ಲ. ಕಳಂಕವನ್ನು ಕಣ್ಮರೆ ಮಾಡಿದವನು ಕಳಂಕವೇ ಇರಲಿಲ್ಲವೆಂದು ನಾಳೆ ಸಾಧಿಸಬಹುದು. ಆದರೆ ಲೂಥರನ 1522ರ ನ್ಯಾಯ ಇಲ್ಲಿ ಸಲ್ಲುವುದಿಲ್ಲವೆಂದೇ ನನ್ನ ಮತ. ಪೂಜೆಯ ವಿಗ್ರಹಕ್ಕೂ ಪೂಜಿಸುವವನಿಗೂ ಇರುವ ಸಂಬಂಧ ಅವರಿಬ್ಬರೊಳಗಿನದು. ಅದನ್ನು ಹೃದಯದಲ್ಲಿ ಗೆದ್ದವನಿಗೆ ಹೊರಗಿನ ಕಲ್ಲು ಬರಿಯ ಕಲ್ಲು. ನಿಂದೆಯ ಶಿಲ್ಪವಾದರೋ ಮೂರನೆಯವನನ್ನು ಗುರಿಯಿಟ್ಟದ್ದು. ಕೆತ್ತಿಸಿದವರ ಸಂತತಿ ಎಷ್ಟೇ ಪರಿಶುದ್ಧರಾದರೂ, ಅವರ ಹೃದಯಶುದ್ಧಿ ಆ ಮೂರನೆಯವನ ಪಾಲಿಗೆ ಬರುವುದಿಲ್ಲ. ಪಶ್ಚಾತ್ತಾಪ ನೆಲದ ಮೇಲಿದ್ದು ಅವಮಾನ 4 ಮೀಟರು ಎತ್ತರದಲ್ಲಿ, ಪೂಜಾಮಂದಿರದ ಗೋಡೆಯ ಗೌರವವನ್ನು ಅನುಭವಿಸುತ್ತ ಉಳಿಯುವುದು ಯಾವ ಸಾಕ್ಷ್ಯ? ಸಾಕ್ಷಿ ನಿಲ್ಲಬೇಕಾದ ಸ್ಥಳ ಕಟಕಟೆ. ಶಿಲ್ಪವನ್ನು ಇಳಿಸಿ, ಚರ್ಚಿನ ಸಮೀಪದಲ್ಲಿಯೇ ಒಂದು ಕೋಣೆಯಲ್ಲಿಟ್ಟು, ಅದರ ಕಥೆಯನ್ನು ಒಂದಕ್ಷರವನ್ನೂ ಬಿಡದೆ ಹೇಳುವುದೇ ಉಚಿತ. ಚರ್ಚಿನ ಸಭೆಯವರೇ ನೇಮಿಸಿದ ತಜ್ಞರ ಮಂಡಲಿಯೂ ಶಿಲ್ಪವನ್ನು ತೆಗೆಯಬೇಕೆಂದೇ ಸಲಹೆ ಕೊಟ್ಟಿತು. ಸಭೆ 2022ರ ಅಕ್ಟೋಬರಿನಲ್ಲಿ ಅದನ್ನು ಸ್ವೀಕರಿಸದೆ ಶಿಲ್ಪವನ್ನು ಇದ್ದಲ್ಲಿಯೇ ಉಳಿಸಲು ನಿರ್ಣಯಿಸಿತು.