ಹರಕೆಯಿಲ್ಲದ ಪ್ರಯಾಣ

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುವ ಗಾದೆ ನಮಗೆಲ್ಲ ಗೊತ್ತು. ಮದುವೆಯಾದ ಮೇಲೆ ಗಂಡ ಹೆಂಡತಿ ಇಬ್ಬರೇ ಮೂರು ದಿನ ಎಲ್ಲಾದರೂ ಹೋಗಿಬರಬೇಕೆಂದರೆ ಎಷ್ಟು ಸುಳ್ಳು ಹೇಳಬೇಕು ಅನ್ನುವುದಕ್ಕೆ ಗಾದೆಯಿಲ್ಲ. ಕಳೆದ ಚಳಿಗಾಲದಲ್ಲಿ ನಾನು ಒಂದೇ ಒಂದು ಸುಳ್ಳು ಹೇಳಿದೆ. ಅದು ಇನ್ನೂ ನನ್ನನ್ನು ಕಾಡುತ್ತಿದೆ.

ನಮ್ಮದು ಕಿಬ್ಬನಹಳ್ಳಿ ಕಡೆ. ಕ್ರಾಸಿನಲ್ಲಿ ನಿಂತರೆ ನಾಲ್ಕು ದಿಕ್ಕಿಗೂ ಬಸ್ಸು. ಒಂದು ಕಡೆ ತುಮಕೂರು, ಬೆಂಗಳೂರು. ಇನ್ನೊಂದು ಕಡೆ ತಿಪಟೂರು, ಅರಸೀಕೆರೆ, ಶಿವಮೊಗ್ಗ. ಮೇಲಕ್ಕೆ ಚಿಕ್ಕನಾಯಕನಹಳ್ಳಿ, ಕೆಳಕ್ಕೆ ತುರುವೇಕೆರೆ. ಎಲ್ಲಿಗೆ ಬೇಕಾದರೂ ಹೋಗಬಹುದಾದ ಜಾಗ. ಆದರೂ 17 ವರ್ಷದ ಸಂಸಾರದಲ್ಲಿ ನಾವಿಬ್ಬರೇ ಮನೆ ಬಿಟ್ಟಿದ್ದು ನೆಂಟರ ಮದುವೆಗೆ, ತಿಥಿಗೆ, ದೇವಸ್ಥಾನಕ್ಕೆ, ಆಸ್ಪತ್ರೆಗೆ. ಹೊಸದಾಗಿ ಮದುವೆಯಾದವರು ಹನಿಮೂನಿಗೆ ಹೊರಟರೆ ಊರು ನಗುತ್ತಾ ಕಳಿಸಿಕೊಡುತ್ತದೆ. ಮಗ ಹಾಸ್ಟೆಲಿನಲ್ಲಿ ಓದುವ ವಯಸ್ಸಿಗೆ ಬಂದ ಮೇಲೆ ಹೊರಟರೆ, "ಏನ್ ವಿಶೇಷ?" ಅಂತ ಕೇಳುತ್ತದೆ. ವಿಶೇಷ ಏನೂ ಇಲ್ಲದೆ ಹೋಗುವುದಕ್ಕೆ ನಮ್ಮಲ್ಲಿ ಹೆಸರಿಲ್ಲ.

ಧನುರ್ಮಾಸವನ್ನು ಆರಿಸಿಕೊಂಡಿದ್ದಕ್ಕೆ ಕಾರಣವಿತ್ತು. ಆ ತಿಂಗಳು ಮದುವೆ, ಗೃಹಪ್ರವೇಶ ನಡೆಯುವುದಿಲ್ಲ. ಯಾರ ಕರೆಯೋಲೆಯನ್ನೂ ತಪ್ಪಿಸಿದ ಹಾಗಾಗುವುದಿಲ್ಲ. ರಾಗಿ ಕಣದಿಂದ ಮನೆಗೆ ಬಂದಿರುತ್ತದೆ. ಶಾಲೆಗೆ ನಾನು ಎರಡು ದಿನ ರಜೆ ಹಾಕಿದರೆ ಭಾನುವಾರ ಸೇರಿ ಮೂರು ದಿನ. ನಮ್ಮ ಹಳೆಯ ಕಾರಿನಲ್ಲಿ ಅರಸೀಕೆರೆ, ಹಳೇಬೀಡು, ಬೇಲೂರು, ಆಮೇಲೆ ಚಿಕ್ಕಮಗಳೂರು. ಒಂದು ಬೆಳಿಗ್ಗೆ ಮುಳ್ಳಯ್ಯನಗಿರಿಯ ಚಳಿಯಲ್ಲಿ ನಿಲ್ಲುವುದು, ಅಷ್ಟೇ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಹೋಗುವ ಜಾಗಗಳು ನಾಲ್ಕು ಸಾಲಿಗೆ ಮುಗಿದವು. ಬಿಟ್ಟುಹೋಗುವ ಕೆಲಸಗಳು ಇಡೀ ಪುಟ ತುಂಬಿದವು. ಹಸು ಹೊಸಬರ ಕೈಗೆ ಹಾಲು ಇಳಿಸುವುದಿಲ್ಲ. ತ್ರೀ ಫೇಸ್ ಕರೆಂಟು ರಾತ್ರಿ ಬಂದಾಗ ಮೋಟರ್ ಹಾಕಬೇಕು. ಅತ್ತೆಯ ಬಿಪಿ ಮಾತ್ರೆ, ಸಕ್ಕರೆ ಮಾತ್ರೆ ಬೇರೆ ಬೇರೆ ಡಬ್ಬಿಯಲ್ಲಿಡಬೇಕು.

ಆ ಪುಟವನ್ನು ನೋಡಿದಾಗಲೇ ನನಗೆ ಅಳುಕಾಗಿದ್ದು. ನಮ್ಮ ಸಂತೋಷದ ಭಾರವನ್ನು ಯಾರೋ ಹೊರಬೇಕು. ಹಾಗಿದ್ದ ಮೇಲೆ ಇದು ಸ್ವಾರ್ಥವಲ್ಲವೇ? ಆ ಪ್ರಶ್ನೆಗೆ ಉತ್ತರ ಹುಡುಕುವ ಬದಲು ಸುಲಭದ ದಾರಿ ಹಿಡಿದೆ. "ಅತ್ತೆ, ಹೊರನಾಡಿಗೆ ಒಂದು ಹರಕೆ ಇತ್ತು, ತೀರಿಸಿ ಬರ್ತೀವಿ" ಅಂದೆ.

ಅವರು ಒಂದು ಮಾತೂ ಕೇಳಲಿಲ್ಲ. ಮಾರನೇ ದಿನ ಅರಿಶಿನದ ಬಟ್ಟೆಯಲ್ಲಿ 101 ರೂಪಾಯಿ, ಒಂದು ಹಿಡಿ ಅಕ್ಕಿ ಇಟ್ಟು ಮುಡಿಪು ಕಟ್ಟಿ ನನ್ನ ಕೈಗೆ ಕೊಟ್ಟರು. "ಅಮ್ಮನೋರಿಗೆ ಹಾಕಿ, ಮೊಮ್ಮಗನ ಹೆಸರು ಹೇಳು" ಅಂದರು.

ಸುಳ್ಳು ಅಲ್ಲಿಯವರೆಗೆ ಗಾಳಿಯಷ್ಟು ಹಗುರವಾಗಿತ್ತು. ಈಗ ಅದಕ್ಕೆ ತೂಕ ಬಂತು.

1797ರಲ್ಲಿ ಜರ್ಮನ್ ತತ್ತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ ಒಂದು ಸಣ್ಣ ಪ್ರಬಂಧ ಬರೆದ. ಕೊಲೆಗಾರನೇ ಬಾಗಿಲಿಗೆ ಬಂದು, ಒಳಗೆ ಅಡಗಿರುವ ನಿನ್ನ ಗೆಳೆಯ ಎಲ್ಲಿ ಎಂದು ಕೇಳಿದರೂ ಸುಳ್ಳು ಹೇಳಬಾರದು ಎನ್ನುವುದು ಅವನ ವಾದ. ಪುಣ್ಯಕೋಟಿಯ ಕತೆ ಕೇಳಿ ಬೆಳೆದ ನಮಗೆ ಇದು ತೀರಾ ಹೊಸದಲ್ಲ. ಆ ಹಸು ಹುಲಿಗೆ ಕೊಟ್ಟ ಮಾತನ್ನೂ ಉಳಿಸಿಕೊಂಡಿತು. ಆದರೆ ನನ್ನ ಅತ್ತೆ ಕೊಲೆಗಾರರೂ ಅಲ್ಲ, ಹುಲಿಯೂ ಅಲ್ಲ. ಹೆದರಬೇಕಾದವರ ಮುಂದೆಯೂ ನಿಜ ಹೇಳು ಅನ್ನುವ ಕತೆಗಳನ್ನು ಕೇಳಿಕೊಂಡು ಬಂದವಳು, ಹೆದರಬೇಕಿಲ್ಲದವರ ಮುಂದೆ ಯಾಕೆ ಸುಳ್ಳು ಹೇಳಿದೆ?

"ಹೊರನಾಡಿಗೂ ಹೋಗಿಬಿಡೋಣ, ಆಗ ಸುಳ್ಳು ನಿಜ ಆಗುತ್ತಲ್ಲ" ಅಂದರು ನಮ್ಮನೆಯವರು. ಮಾತು ಜಾಣತನದ್ದೇ. ಆದರೆ ನನಗೆ ಒಪ್ಪಿಗೆಯಾಗಲಿಲ್ಲ. ಯಾಕೆ ಎಂದು ಹೊಳೆಯಲು ಒಂದು ರಾತ್ರಿ ಬೇಕಾಯಿತು. ನಾನು ತಪ್ಪು ಹೇಳಿದ್ದು ಬರೀ ಜಾಗದ ಬಗ್ಗೆಯಲ್ಲ. ಹರಕೆ ಅಂದ ತಕ್ಷಣ ಅತ್ತೆ ಬೇಡ ಅನ್ನುವ ಹಾಗಿಲ್ಲ. ದೇವರಿಗೆ ಅಡ್ಡ ಬರುವವರು ಯಾರು? ಬೇಡ ಅನ್ನುವ ಹಕ್ಕನ್ನು ಕಿತ್ತುಕೊಂಡರೆ ಹೂಂ ಅನ್ನುವ ಹಕ್ಕೂ ಅದರ ಜೊತೆಗೇ ಹೋಗುತ್ತದೆ. ಅವರು ನಮ್ಮನ್ನು ಸಂತೋಷದಿಂದ ಕಳಿಸಿಕೊಡಬಹುದಿತ್ತು. ಅದಕ್ಕೆ ನಾನು ಅವಕಾಶವನ್ನೇ ಕೊಡಲಿಲ್ಲ. ಹೊರನಾಡಿಗೆ ನೂರು ಸಲ ಹೋಗಿಬಂದರೂ ಅದು ಸರಿಹೋಗುವುದಿಲ್ಲ.

ಬೆಳಿಗ್ಗೆ ಅವರು ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ನಾನೂ ಮುಂದೆ ಕೂತೆ.

"ಅತ್ತೆ, ಹರಕೆ ಏನೂ ಇಲ್ಲ. ಸುಮ್ಮನೆ ನಾವಿಬ್ಬರೇ ಹೋಗಿಬರೋಣ ಅಂತಿದ್ವಿ."

"ಸುಮ್ನೆನಾ?" ಅಂದರು. ಸ್ವಲ್ಪ ಹೊತ್ತು ಕಾಳು ಬಿಡಿಸಿದರು. "ಅದನ್ನೇ ಹೇಳದಲ್ವೇನವ್ವ. ದೇವ್ರನ್ನ ಯಾಕ್ ಮಧ್ಯಕ್ ಎಳ್ಕಂಡ್ ಬಂದೆ?"

ನಾನು ಮಾತಾಡಲಿಲ್ಲ. ಅವರೇ ಮುಂದುವರಿಸಿದರು. "ನಾನೂ ನಿಮ್ಮಾವನೂ ಇಬ್ರೇ ಹೋಗಿದ್ದು ಒಂದೇ ಸಲ. ಬೆಂಗ್ಳೂರ್ ಆಸ್ಪತ್ರೆಗೆ. ಬರೋವಾಗ ಮೆಜೆಸ್ಟಿಕ್ಕಲ್ಲಿ ಮಸಾಲೆ ದೋಸೆ ಕೊಡ್ಸಿದ್ರು. ಅದೇ ನಮ್ ಟೂರು."

ಮಾವ ತೀರಿಕೊಂಡು ಒಂಬತ್ತು ವರ್ಷವಾಗಿದೆ.

ನಮ್ಮ ಕಡೆಯವರು ಕೂಡಿಡುವುದರಲ್ಲಿ ಗಟ್ಟಿಗರು. ಬಲಿತ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹತ್ತಿರ ಹತ್ತಿರ ಒಂದು ವರ್ಷ ಬಿಡುತ್ತೇವೆ. ಒಳಗಿನ ನೀರು ಇಂಗಿ, ಕೊಬ್ಬರಿ ಕರಟ ಬಿಟ್ಟು ಅಲ್ಲಾಡುವ ಸದ್ದು ಬಂದ ಮೇಲೆ ಸುಲಿದು, ಉಂಡೆ ಕೊಬ್ಬರಿ ಮಾಡಿ ತಿಪಟೂರು ಮಾರುಕಟ್ಟೆಗೆ ಕಳಿಸುತ್ತೇವೆ. ಕಾಯುವುದು ನಮಗೆ ಕಸುಬು. ಅದೇ ಅಭ್ಯಾಸದಿಂದ ಜೊತೆಯಾಗಿರುವ ಸುಖವನ್ನೂ ಅಟ್ಟಕ್ಕೆ ಹಾಕಿಟ್ಟಿದ್ದೇವೆ: ಮಗನ ಓದು ಮುಗಿಯಲಿ, ಸಾಲ ತೀರಲಿ, ಬೋರ್‌ವೆಲ್ ಆಗಲಿ. ಕೊಬ್ಬರಿಗಾದರೆ ಅಲ್ಲಾಡುವ ಸದ್ದಿದೆ. ಇದಕ್ಕೆ ಸದ್ದಿಲ್ಲ. ಅಟ್ಟ ಹತ್ತಿ ನೋಡುವ ಹೊತ್ತಿಗೆ ಕೌಟಾಗಿರಬಹುದು, ಇಲ್ಲವೇ ಮಾವ ಇಲ್ಲದಂತೆ ಹಂಚಿಕೊಳ್ಳುವವರೇ ಇಲ್ಲದಿರಬಹುದು.

ಇಬ್ಬರೇ ಇರಲು ಊರು ಬಿಟ್ಟು ಹೋಗಲೇಬೇಕೇ ಎಂದು ನೀವು ಕೇಳಬಹುದು. ಕೆ.ಎಸ್. ನರಸಿಂಹಸ್ವಾಮಿಯವರ 'ಮೈಸೂರು ಮಲ್ಲಿಗೆ' 1942ರಲ್ಲಿ ಬಂದಾಗ ಕನ್ನಡಿಗರು ಮೆಚ್ಚಿಕೊಂಡ ದಾಂಪತ್ಯದ ಒಲವು ಬಹುಪಾಲು ಮನೆಮಂದಿಯ ನಡುವೆಯೇ ಅರಳಿದ್ದು. ಆ ಮಾತನ್ನು ನಾನೂ ನಂಬುತ್ತೇನೆ. ಆದರೆ ಮನೆಯಲ್ಲಿ ನಾವಿಬ್ಬರೂ ಆಡುವ ಮಾತನ್ನು ಒಂದು ದಿನ ಲೆಕ್ಕ ಹಾಕಿದೆ. ಹಾಲು, ಮೋಟರ್, ಫೀಸು, ಮಾತ್ರೆ. ನಾವು ಗಂಡ ಹೆಂಡತಿ ಅನ್ನುವುದಕ್ಕಿಂತ ಒಂದೇ ಕಚೇರಿಯ ಇಬ್ಬರು ಗುಮಾಸ್ತರ ಹಾಗಿದ್ದೆವು.

ಸ್ವಾರ್ಥದ ಪ್ರಶ್ನೆಗೆ ಉತ್ತರವೂ ನಮ್ಮ ಹೊಲದಲ್ಲೇ ಇತ್ತು. ಮುಯ್ಯಾಳು ಅನ್ನುವ ಪದ್ಧತಿ ನಮ್ಮದು. ಇವತ್ತು ನನ್ನ ಹೊಲಕ್ಕೆ ನೀನು ಬಾ, ನಾಳೆ ನಿನ್ನ ಹೊಲಕ್ಕೆ ನಾನು ಬರುತ್ತೇನೆ. ಕೂಲಿಯಿಲ್ಲ, ದಾನವೂ ಅಲ್ಲ. ಕೆಲಸಕ್ಕೆ ಮುಯ್ಯಿ ಇರುವುದಾದರೆ ಬಿಡುವಿಗೆ ಯಾಕಿರಬಾರದು? ಪಕ್ಕದ ಮನೆಯ ಅಕ್ಕನಿಗೆ ಹಾಗೆಯೇ ಹೇಳಿದೆ. ಅವರು ಎರಡು ದಿನ ಮುಂಚಿನಿಂದಲೇ ಬಂದು ಹಸುವಿಗೆ ಕೈ ಅಭ್ಯಾಸ ಮಾಡಿಸಿದರು. ಇನ್ನೊಬ್ಬರ ಮೇಲೆ ಭಾರ ಹಾಕುವುದೇ ತಪ್ಪಲ್ಲ. ಭಾರ ಹಾಕಿ ಅದಕ್ಕೆ ಬೇರೆ ಹೆಸರಿಡುವುದು, ತಿರುಗಿ ಹೊರಲು ಸಿದ್ಧರಿಲ್ಲದಿರುವುದು ತಪ್ಪು.

ಅತ್ತೆಯೂ ಸುಮ್ಮನೆ ಒಪ್ಪಲಿಲ್ಲ. "ಸಂಕ್ರಾಂತಿ ಆದ್ಮೇಲೆ ನನ್ನ ನಮ್ಮಣ್ಣನ ಮನೆಗೆ ಬಿಟ್ಬರ್ಬೇಕು. ಎಂಟ್ ದಿನ ಇರ್ತೀನಿ. ಅಡುಗೆ ಯಾರ್ ಮಾಡ್ತಾರೆ, ಮಜ್ಜಿಗೆ ಯಾರ್ ಕಡೀತಾರೆ ಅಂತ ಫೋನ್ ಮಾಡ್ಬಾರ್ದು" ಅಂದರು. ಅದನ್ನು ಎಷ್ಟು ವರ್ಷದಿಂದ ಅಟ್ಟದ ಮೇಲಿಟ್ಟಿದ್ದರೋ! ನಾನು ನೇರವಾಗಿ ಕೇಳಿದ್ದಕ್ಕೆ ಅವರೂ ನೇರವಾಗಿ ಕೇಳಿದರು.

ಹೋಗಿಬಂದೆವು. ಅರಸೀಕೆರೆ ದಾಟುವವರೆಗೂ ಹಸುವಿನ ಮಾತೇ. ಆಮೇಲೆ ಇಬ್ಬರಿಗೂ ಮಾತು ಮುಗಿಯಿತು, ಅದರಿಂದ ಮುಜುಗರವೇನೂ ಆಗಲಿಲ್ಲ. ಹಳೇಬೀಡಿನಲ್ಲಿ ಜೋಡಿ ಗುಡಿಗಳ ಮುಂದೆ ಬಹಳ ಹೊತ್ತು ನಿಂತೆವು. ಒಂದು ಹೊಯ್ಸಳೇಶ್ವರ, ಇನ್ನೊಂದು ರಾಣಿ ಶಾಂತಲೆಯ ಹೆಸರಿನ ಶಾಂತಲೇಶ್ವರ. ಒಂದಕ್ಕೊಂದು ಅಂಟಿಕೊಂಡ ಗುಡಿಗಳೇ, ಆದರೂ ಒಂದೊಂದಕ್ಕೂ ಅದರದೇ ಗರ್ಭಗುಡಿ, ಅದರದೇ ನಂದಿ. ನಮ್ಮನೆಯವರು, "ನೀನು ಕಾಲೇಜಲ್ಲಿ ಪದ್ಯ ಬರೀತಿದ್ದೆ ಅಲ್ವಾ?" ಅಂದರು. ಅವರಿಗೆ ಅದು ನೆನಪಿದೆ ಅಂತ ನನಗೆ ಗೊತ್ತಿರಲಿಲ್ಲ.

ಒಂದು ಪ್ರಶ್ನೆ ಮಾತ್ರ ಉಳಿದಿದೆ. ಅವತ್ತು ಜಗುಲಿಯ ಮೇಲೆ ಅತ್ತೆ ಬೇಡ ಅಂದಿದ್ದರೆ? ನಿಜ ಕೇಳಿದವರಿಗೆ ಬೇಡ ಅನ್ನುವ ಉತ್ತರವೂ ಬರಬಹುದು. ಎಷ್ಟೋ ಮನೆಗಳಲ್ಲಿ ಅದೇ ಬರುತ್ತದೆ. ಅಂಥ ಮನೆಯ ಸೊಸೆ ಹರಕೆಯ ನೆಪ ಹೇಳಿದರೆ ಅವಳನ್ನು ತಪ್ಪಿತಸ್ಥೆ ಅನ್ನುವ ಧೈರ್ಯ ನನಗಿಲ್ಲ. ನಾನು ಹೇಳಬಲ್ಲೆನಾದದ್ದು ಇಷ್ಟು: ನಾನು ಕೇಳಿಯೇ ನೋಡದೆ ಅವರನ್ನು ಅಂಥ ಅತ್ತೆ ಎಂದು ತೀರ್ಮಾನಿಸಿಬಿಟ್ಟಿದ್ದೆ.

ಮುಡಿಪು ಈಗಲೂ ದೇವರ ಮನೆಯ ಗೂಟಕ್ಕೆ ನೇತಾಡುತ್ತಿದೆ. ಒಮ್ಮೆ ಕಟ್ಟಿದ್ದನ್ನು ಬಿಚ್ಚುವ ಹಾಗಿಲ್ಲ ಅನ್ನುತ್ತಾರೆ ಅತ್ತೆ. ಹೀಗಾಗಿ ಈ ಧನುರ್ಮಾಸಕ್ಕೆ ಮೂವರೂ ಹೊರನಾಡಿಗೆ ಹೋಗಬೇಕು. ಪಕ್ಕದ ಮನೆಯ ಅಕ್ಕ, ಭಾವ ಅದೇ ವಾರ ಗೋಕರ್ಣಕ್ಕೆ ಹೊರಟಿದ್ದಾರೆ. ಹಸು ಯಾರು ಕರೆಯಬೇಕು ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ.