ಹಠ ಎನ್ನುವ ಮೊದಲು

ತಾಯಿಯ ಹೊಟ್ಟೆಯಲ್ಲಿರುವಾಗಲೇ ರುಬೆಲ್ಲಾ ವೈರಸ್ ತಗುಲಿ ಹುಟ್ಟಿದ ಮಕ್ಕಳಲ್ಲಿ ಕೆಲವರು ಬೆರಳಿನ ಗೆಣ್ಣನ್ನು ಕಣ್ಣುಗುಡ್ಡೆಗೆ ಒತ್ತಿ ಹಿಡಿಯುತ್ತಾರೆ. ಕೈ ಬಿಡಿಸಿದರೆ ಮತ್ತೆ ಒತ್ತುತ್ತಾರೆ. ಇನ್ನು ಕೆಲವರು ಕಿಟಕಿಯ ಬಿಸಿಲಿಗೆ ಮುಖವೊಡ್ಡಿ, ಕಣ್ಣ ಮುಂದೆ ಬೆರಳುಗಳನ್ನು ಪಟಪಟನೆ ಆಡಿಸುತ್ತ ಎಷ್ಟು ಹೊತ್ತಾದರೂ ಅಲ್ಲೇ ನಿಂತಿರುತ್ತಾರೆ. ಮನೆಗೆ ಬಂದ ನೆಂಟರು, "ಎರಡು ಬಿಟ್ಟರೆ ಎಲ್ಲ ಸರಿಹೋಗುತ್ತೆ ಬಿಡಮ್ಮ" ಅನ್ನುತ್ತಾರೆ. ಹಿರಿಯರೊಬ್ಬರಿಗೆ ಬಸುರಿನ ದಿನಗಳಲ್ಲಿ ಬಂದಿದ್ದ ಗ್ರಹಣ ನೆನಪಾಗುತ್ತದೆ. ತಾಯಿ ತಲೆ ತಗ್ಗಿಸಿ ಒಳಗೆ ಹೋಗುತ್ತಾಳೆ.

ಆ ಮಗುವಿನ ಸ್ಥಿತಿಯನ್ನು ಒಮ್ಮೆ ಯೋಚಿಸಿ. ಹುಟ್ಟುವಾಗಲೇ ಕಣ್ಣಿಗೆ ಪೊರೆ. ಕಿವಿ ಮಂದ, ಇಲ್ಲವೇ ಪೂರ್ತಿ ಕೇಳಿಸದು. ಎಷ್ಟೋ ಸಲ ಹೃದಯದಲ್ಲೂ ದೋಷ. ಕಣ್ಣುಗುಡ್ಡೆಯನ್ನು ಒತ್ತಿದಾಗ ಒಳಗೆ ಬೆಳಕಿನ ಕಿಡಿಗಳು ಕಾಣಿಸುತ್ತವೆ, ಅದು ನಮಗೂ ಗೊತ್ತು. ಹೊರಗಿನಿಂದ ಬೆಳಕು ಸಾಲದ ಮಗು ಒಳಗಿನ ಬೆಳಕನ್ನು ಎಬ್ಬಿಸಿಕೊಳ್ಳುತ್ತಿದೆ. ಕಣ್ಣಿಗೆ ಪೆಟ್ಟಾಗದಂತೆ ಆ ಕೈಯನ್ನು ತಡೆಯಲೇಬೇಕು, ನಿಜ. ಆದರೆ ಅದು ಏನನ್ನು ಹುಡುಕುತ್ತಿದೆ ಎಂದು ತಿಳಿಯದೆ ಬರಿದೇ ತಡೆದರೆ ಅದನ್ನು ಚಿಕಿತ್ಸೆ ಎನ್ನಲಾಗದು.

1941ರಲ್ಲಿ ಸಿಡ್ನಿಯ ಕಣ್ಣಿನ ವೈದ್ಯ ನಾರ್ಮನ್ ಗ್ರೆಗ್, ಕೂಸುಗಳ ಕಣ್ಣಿನ ಪೊರೆಗೂ ತಾಯಂದಿರಿಗೆ ಬಸುರಿನಲ್ಲಿ ಬಂದಿದ್ದ ರುಬೆಲ್ಲಾಕ್ಕೂ ನಂಟಿದೆ ಎಂದು ಮೊದಲು ಬರೆದರು. 1964-65ರಲ್ಲಿ ಅಮೆರಿಕದಲ್ಲಿ ಈ ಜ್ವರ ಸಾಂಕ್ರಾಮಿಕವಾಗಿ ಹರಡಿ, ಸುಮಾರು 20,000 ಮಕ್ಕಳು ಅದರ ಗಾಯ ಹೊತ್ತು ಹುಟ್ಟಿದರು. ನ್ಯೂಯಾರ್ಕಿನ ಮಕ್ಕಳ ಮನೋವೈದ್ಯೆ ಸ್ಟೆಲ್ಲಾ ಚೆಸ್ ಮತ್ತು ಸಂಗಡಿಗರು ಅಂಥ 243 ಮಕ್ಕಳನ್ನು ಹತ್ತಿರದಿಂದ ನೋಡಿದರು. ಅವರಲ್ಲಿ 10 ಮಕ್ಕಳಲ್ಲಿ ಆಟಿಸಂ ಪೂರ್ಣವಾಗಿ, ಇನ್ನು 8 ಮಕ್ಕಳಲ್ಲಿ ಭಾಗಶಃ ಇದೆಯೆಂದು 1971ರಲ್ಲಿ ಚೆಸ್ ಬರೆದರು. ಅದು ಆಗಿನ ಜನಸಾಮಾನ್ಯರಲ್ಲಿದ್ದ ಪ್ರಮಾಣಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಮುಂದೆ ಅದೇ ಮಕ್ಕಳನ್ನು ಮತ್ತೆ ನೋಡಿದಾಗ ಕೆಲವರು ಆ ಲಕ್ಷಣಗಳಿಂದ ಹೊರಬಂದಿದ್ದರು.

ಆ ಕಾಲವನ್ನು ಇಲ್ಲಿ ನೆನೆಯಬೇಕು. ಆಟಿಸಂ ಇರುವ ಮಗು ತನ್ನೊಳಗೇ ಮುದುಡಿಕೊಂಡರೆ ತಾಯಿಯ ಪ್ರೀತಿ ತಣ್ಣಗಿರುವುದೇ ಕಾರಣ ಎಂದು ಶಿಕಾಗೊದ ಬ್ರೂನೋ ಬೆಟಲ್‌ಹೈಮ್ ಅಂಥವರು ದಪ್ಪ ಪುಸ್ತಕ ಬರೆದು, ಲೋಕ ಅದನ್ನು ನಂಬಿದ್ದ ಕಾಲ ಅದು. ತಾಯಿಯ ಮನಸ್ಸನ್ನು ಕಟಕಟೆಗೆ ನಿಲ್ಲಿಸಿದ್ದ ಆ ವಿದ್ವತ್ತಿನ ಎದುರು, ಹುಟ್ಟುವ ಮೊದಲೇ ಮಿದುಳಿಗೆ ಹೊಕ್ಕ ಒಂದು ವೈರಸ್ಸಿನ ಸಾಕ್ಷ್ಯ ಬಂದು ನಿಂತಿತು. ನಮ್ಮ ಹಳ್ಳಿಯ ಅಜ್ಜಿ ಗ್ರಹಣವನ್ನು ದೂರುತ್ತಾಳೆ, ಅಲ್ಲಿನ ಪಂಡಿತರು ತಾಯಿಯನ್ನೇ ದೂರಿದರು. ಅಜ್ಜಿಯನ್ನು ನಾನು ಬೇಗ ಕ್ಷಮಿಸಬಲ್ಲೆ. ಓದಿದವರು ಹೊರಿಸಿದ ಅಪವಾದವನ್ನು ಆ ತಾಯಂದಿರು ಎಷ್ಟು ವರ್ಷ ಹೊತ್ತರೋ!

ರುಬೆಲ್ಲಾ ಬಸುರಿಗೆ ಬಂದದ್ದು ಎಷ್ಟೋ ಸಲ ಅವಳಿಗೇ ಗೊತ್ತಾಗುವುದಿಲ್ಲ. ಎರಡು ಮೂರು ದಿನ ಮೈಮೇಲೆ ತೆಳುವಾದ ಗಂಧೆ, ಕಿವಿಯ ಹಿಂದೆ ಸಣ್ಣ ಗಂಟು, ಕೆಲವೊಮ್ಮೆ ಅದೂ ಇಲ್ಲ. ಇನ್ನೊಂದು ವೈರಸ್, ಸೈಟೊಮೆಗಾಲೊ, ಅದಕ್ಕಿಂತ ಗುಟ್ಟಿನದು. ಹುಟ್ಟಿನಿಂದ ಬರುವ ವೈರಸ್ ಸೋಂಕುಗಳಲ್ಲಿ ಇಂದು ಅದೇ ಅತಿ ಸಾಮಾನ್ಯ. ಪುಟ್ಟ ಮಕ್ಕಳ ಜೊಲ್ಲು, ಉಚ್ಚೆಯಿಂದ ಹರಡುತ್ತದೆ. ಹಿರಿಯ ಮಗು ಬಿಟ್ಟ ತುತ್ತನ್ನು ತಿಂದದ್ದರಿಂದ, ಅದರ ಬಾಯಿಗೆ ಮುತ್ತಿಟ್ಟದ್ದರಿಂದ ತಾಯಿಗೆ ಬಂದಿರಬಹುದು. ನಮ್ಮ ದೇಶದಲ್ಲಿ ಬಹುಪಾಲು ಹೆಂಗಸರಿಗೆ ಅದು ಚಿಕ್ಕಂದಿನಲ್ಲೇ ತಗುಲಿರುತ್ತದೆ. ಬಸುರಿನಲ್ಲಿ ಹಳೆಯದೇ ಮತ್ತೆ ಎದ್ದು ಕೂಸನ್ನು ಮುಟ್ಟಬಹುದು. ಇದರಲ್ಲಿ ಪಾಪ ಎಲ್ಲಿದೆ, ಕರ್ಮ ಎಲ್ಲಿದೆ?

ಈ ಎರಡನೆಯ ವೈರಸ್ಸಿನ ವಿಷಯದಲ್ಲಿ ಮೇಷ್ಟರುಗಳು ತಿಳಿಯಬೇಕಾದದ್ದೊಂದಿದೆ. ಹುಟ್ಟಿದಾಗ ಮಾಡಿದ ಕಿವಿಯ ಪರೀಕ್ಷೆಯಲ್ಲಿ ಪಾಸಾದ ಮಗುವಿಗೂ ಮುಂದೆ ಎರಡನೆಯ ವರ್ಷದಲ್ಲೋ ನಾಲ್ಕನೆಯ ವರ್ಷದಲ್ಲೋ ಶ್ರವಣ ಶಕ್ತಿ ಇಳಿಯಬಹುದು. ನಿನ್ನೆಯವರೆಗೆ ಕರೆದರೆ ಓಡಿ ಬರುತ್ತಿದ್ದ ಹುಡುಗ ಇಂದು ತಿರುಗಿ ನೋಡುವುದಿಲ್ಲ. ಒಳಗಿವಿಯ ಸಮತೋಲ ಕೆಟ್ಟು ನಡೆಯುವಾಗ ಮುಗ್ಗರಿಸುತ್ತಾನೆ, ಪಕ್ಕದವನ ಮೇಲೆ ಬೀಳುತ್ತಾನೆ, ಅವನು ತಳ್ಳುತ್ತಾನೆ, ಇವನು ಕಚ್ಚುತ್ತಾನೆ. ಶಾಲೆಯಿಂದ ಚೀಟಿ ಬರುತ್ತದೆ. ಆ ಚೀಟಿ ಬಂದ ದಿನ ಆಗಬೇಕಾದ್ದು ಕಿವಿಯ ಪರೀಕ್ಷೆ. ಮನೆಯಲ್ಲಿ ಆಗುವುದು ಬೆತ್ತದ ಸೇವೆ.

ಮದ್ದಿನ ಮಾತಿಗೆ ಬರೋಣ. ಸೈಟೊಮೆಗಾಲೊ ವೈರಸ್ಸಿನಿಂದ ತೊಂದರೆಗೊಳಗಾದ ಕೂಸಿಗೆ ಹುಟ್ಟಿದ ಮೊದಲ ತಿಂಗಳಲ್ಲೇ ವಾಲ್‌ಗಾನ್‌ಸೈಕ್ಲೊವಿರ್ ಶುರುಮಾಡಿ ಆರು ತಿಂಗಳು ಕೊಟ್ಟರೆ ಕಿವಿಗೂ ಬೆಳವಣಿಗೆಗೂ ತುಸು ಅನುಕೂಲ. ಆದರೆ ಐದು ವರ್ಷದ ಮಗುವಿನ ಕೋಪವನ್ನು ಅದು ಇಳಿಸದು. ರುಬೆಲ್ಲಾಕ್ಕೆ ಅಂಥ ಔಷಧವೇ ಇಲ್ಲ. ನಿದ್ದೆಯೇ ಬಾರದ, ತನ್ನನ್ನೇ ಗಾಯ ಮಾಡಿಕೊಳ್ಳುವ ಮಗುವಿಗೆ ಮನೋವೈದ್ಯರು ಗುಳಿಗೆ ಬರೆಯುತ್ತಾರೆ, ಕೆಲವು ಮನೆಗಳಿಗೆ ಅದರಿಂದ ನಿಜಕ್ಕೂ ಉಸಿರಾಡುವಷ್ಟು ಬಿಡುವು ಸಿಗುತ್ತದೆ. ನನ್ನ ಬೇಡಿಕೆ ಇಷ್ಟೇ: ಗುಳಿಗೆಗೆ ಮೊದಲು ನೋವನ್ನು ಹುಡುಕಿ. ರುಬೆಲ್ಲಾ ಮಕ್ಕಳಿಗೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ ಬರಬಹುದು. ಗೋಡೆಗೆ ತಲೆ ಚಚ್ಚಿಕೊಳ್ಳುವ ಮಗುವಿಗೆ ಕಣ್ಣೇ ನೋಯುತ್ತಿರಬಹುದು, ಹಲ್ಲು ಹುಳುಕಾಗಿರಬಹುದು, ಕಿವಿ ಸೋರುತ್ತಿರಬಹುದು. ಹೇಳಲು ಅದಕ್ಕೆ ಮಾತಿಲ್ಲ.

ಮಾತಿಲ್ಲದವರ ಜೊತೆ ಮಾತಾಡುವ ದಾರಿಯನ್ನು ನೆದರ್‌ಲ್ಯಾಂಡ್ಸಿನ ಯಾನ್ ವಾನ್ ಡೈಕ್ ಎಂಬ ಶಿಕ್ಷಣತಜ್ಞರು ತೋರಿಸಿದರು. ಕಿವಿ, ಕಣ್ಣು ಎರಡೂ ಮಂಜಾದ ರುಬೆಲ್ಲಾ ಮಕ್ಕಳ ನಡುವೆಯೇ ಅವರು ದಶಕಗಟ್ಟಲೆ ದುಡಿದರು. ಮಗು ತೂಗಾಡಿದರೆ ಅದನ್ನು ಹಿಡಿದು ನಿಲ್ಲಿಸದೆ, ಪಕ್ಕದಲ್ಲಿ ಮೈಗೆ ಮೈ ತಾಗಿಸಿ ಕೂತು ತಾವೂ ತೂಗಾಡುವುದು. ಸ್ವಲ್ಪ ಹೊತ್ತಿಗೆ ತಾವು ನಿಲ್ಲಿಸಿ ಕಾಯುವುದು. ಮಗು ಇವರನ್ನು ತಟ್ಟಿ 'ಇನ್ನೊಮ್ಮೆ' ಎಂದು ಸೂಚಿಸಿದರೆ ಅದೇ ಮೊದಲ ಮಾತು. ಇನ್ನೊಂದು, ವಸ್ತುಗಳ ಭಾಷೆ. ಸ್ನಾನಕ್ಕೆ ಮೊದಲು ಪ್ರತಿದಿನ ಅದೇ ಟವೆಲ್ಲನ್ನು ಕೈಗೆ ಕೊಡುವುದು, ಊಟಕ್ಕೆ ಮೊದಲು ಅದೇ ಚಮಚ, ಹೊರಗೆ ಹೊರಟರೆ ಅದೇ ಚಪ್ಪಲಿ. ಇದು ನಮ್ಮ ಮನೆಗಳಲ್ಲಿ ಖರ್ಚಿಲ್ಲದೆ ಆಗುವ ಕೆಲಸ. ಇದ್ದಕ್ಕಿದ್ದಂತೆ ಯಾರೋ ಎತ್ತಿ ಮೈಮೇಲೆ ನೀರು ಸುರಿದರೆ ನಾವಾದರೂ ಕಿರುಚುತ್ತೇವೆ, ಪರಚುತ್ತೇವೆ. ಟವೆಲ್ಲು ಮುಟ್ಟಿದಾಗ ಮುಂದೇನು ಎಂದು ಮಗುವಿಗೆ ತಿಳಿಯುತ್ತದೆ. ಕೂಗಾಟ ಒಂದೇ ದಿನಕ್ಕೆ ನಿಲ್ಲುವುದಿಲ್ಲ. ತಿಂಗಳುಗಳು ಹಿಡಿಯುತ್ತವೆ, ಆ ತಿಂಗಳುಗಳನ್ನು ಕಳೆಯುವವಳು ಸಾಮಾನ್ಯವಾಗಿ ತಾಯಿಯೊಬ್ಬಳೇ. ಅವಳಿಗೆ ವಾರಕ್ಕೆ ಒಂದು ಮಧ್ಯಾಹ್ನ ನಿದ್ದೆ ಮಾಡಲು ಬಿಡುವು ಕೊಡುವ ಅತ್ತೆ, ನಾದಿನಿ, ಗಂಡ ಇದ್ದರೆ ಅದೂ ಚಿಕಿತ್ಸೆಯ ಭಾಗವೇ.

ರುಬೆಲ್ಲಾವನ್ನು ಇಲ್ಲವಾಗಿಸಬಹುದು, ಲಸಿಕೆ ಇದೆ. 2017ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಅಭಿಯಾನ ಶುರುವಾದ ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆಗ ಮೊಬೈಲುಗಳಲ್ಲಿ ಹರಿದಾಡಿದ ಸುಳ್ಳುಗಳಿಗೆ ಹೆದರಿ ಮಕ್ಕಳನ್ನು ಬಚ್ಚಿಟ್ಟವರಿದ್ದರು. ಒಂಬತ್ತು ತಿಂಗಳು ತುಂಬಿದಾಗ ಒಂದು ಡೋಸು, ಹದಿನಾರರಿಂದ ಇಪ್ಪತ್ನಾಲ್ಕು ತಿಂಗಳೊಳಗೆ ಇನ್ನೊಂದು. ಅಂಗನವಾಡಿಯಲ್ಲಿ, ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ. ಸೈಟೊಮೆಗಾಲೊಗೆ ಬಳಕೆಯಲ್ಲಿ ಲಸಿಕೆ ಇನ್ನೂ ಇಲ್ಲ. ಬಸುರಿಯರು ಪುಟ್ಟ ಮಕ್ಕಳ ಬಟ್ಟೆ ಬದಲಿಸಿದ ಮೇಲೆ, ಜೊಲ್ಲು ಒರೆಸಿದ ಮೇಲೆ ಸೋಪು ಹಾಕಿ ಕೈ ತೊಳೆಯುವುದೇ ಕೈಯಲ್ಲಿರುವ ಮುಖ್ಯ ಉಪಾಯ.

ಈಗಾಗಲೇ ಹುಟ್ಟಿರುವ ಮಕ್ಕಳಿಗಾಗಿ ಬಾಗಿಲುಗಳಿವೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇದೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ವಿಭಾಗವಿದೆ, ಜಿಲ್ಲಾ ಆಸ್ಪತ್ರೆಗಳಲ್ಲಿ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಆರಂಭಿಕ ಚಿಕಿತ್ಸಾ ಕೇಂದ್ರಗಳು ತೆರೆದಿವೆ. ನಿಮ್ಮ ಬೀದಿಯಲ್ಲಿ ಅಂಥ ಮಗುವಿದ್ದರೆ ಯಂತ್ರ ಕಟ್ಟಿಸುವ ವಿಳಾಸ ಹೇಳಬೇಡಿ. ಜಿಲ್ಲಾ ಆಸ್ಪತ್ರೆಗೆ ಹೋಗುವ ದಿನ ಆ ತಾಯಿಯ ಜೊತೆ ಬಸ್ಸು ಹತ್ತಿ.