ರಾಜಿಯೂ ನಡುದಾರಿಯೂ

ರಾಜಿ ಎಂಬುದು ಕೆಟ್ಟ ಮಾತಲ್ಲ. ನಾಲ್ಕು ಜನ ಒಂದೆಡೆ ಬಾಳಬೇಕಾದರೆ ಕೊಟ್ಟು ತೆಗೆದುಕೊಳ್ಳಲೇಬೇಕು. ಪರನಾಡಿನಲ್ಲಿ ಸಂಸಾರ ಹೂಡಿರುವ ನಮಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಅದರಲ್ಲೊಂದು ಸೂಕ್ಷ್ಮವಿದೆ. ನೆರೆಯವನು ಹೊಲದ ಬದುವನ್ನು ಎರಡು ಮೊಳ ಒತ್ತಿದನೆನ್ನೋಣ. ಪಂಚರು ಕೂಡಿ, ಒಂದು ಮೊಳ ಅವನಿಗಿರಲಿ ಎಂದು ತೀರ್ಮಾನಿಸುತ್ತಾರೆ. ಮರುವರ್ಷ ಅವನು ಮತ್ತೆ ಎರಡು ಮೊಳ ಒತ್ತುತ್ತಾನೆ. ಪಂಚರು ಮತ್ತೆ ನಡುವೆ ಗೆರೆ ಎಳೆಯುತ್ತಾರೆ. ಒಂದೊಂದು ತೀರ್ಮಾನವೂ ನ್ಯಾಯವೆಂದೇ ತೋರುತ್ತದೆ. ಹತ್ತು ವರ್ಷದ ಮೇಲೆ, ಹಳೆಯ ಬದು ಎಲ್ಲಿತ್ತೆಂದು ತೋರಿಸಿದವನೇ ಜಗಳಗಂಟನೆನಿಸಿಕೊಳ್ಳುತ್ತಾನೆ.

ರಾಷ್ಟ್ರಜೀವನದಲ್ಲೂ ಹೀಗಾಗುವುದುಂಟು. ವಿಚಾರಣೆಯಿಲ್ಲದೆ ಜನರನ್ನು ಸೆರೆಯಲ್ಲಿಡುವ ಅಧಿಕಾರವನ್ನೇ ನೋಡಿ. 1919ರಲ್ಲಿ ಬ್ರಿಟಿಷ್ ಸರಕಾರ ರೌಲಟ್ ಕಾಯ್ದೆ ತಂದಾಗ ಗಾಂಧೀಜಿ ಸತ್ಯಾಗ್ರಹ ಹೂಡಿದರು. ಸೌಮ್ಯವಾದಿಗಳಾದ ಶ್ರೀನಿವಾಸ ಶಾಸ್ತ್ರಿಗಳೂ ಶಾಸನಸಭೆಯಲ್ಲಿ ಅದನ್ನು ವಿರೋಧಿಸಿದರು. ವಿಚಾರಣೆಯಿಲ್ಲದ ಸೆರೆ ಕೂಡದೆಂಬುದು ಅಂದಿನ ನಡುದಾರಿಯೇ ಆಗಿತ್ತು.

1949ರಲ್ಲಿ ವಿಭಜನೆಯ ಗಾಯ ಇನ್ನೂ ಹಸಿಯಾಗಿತ್ತು. ಈ ಅಧಿಕಾರ ಅನಿವಾರ್ಯವಾದರೆ ಅದಕ್ಕೊಂದು ಎಲ್ಲೆಯಾದರೂ ಇರಲೆಂದು ಸಂವಿಧಾನ ಸಭೆ ಒಪ್ಪಿತು. ಸಲಹಾ ಮಂಡಲಿಯ ಅಭಿಪ್ರಾಯವಿಲ್ಲದೆ ಯಾರನ್ನೂ ಮೂರು ತಿಂಗಳಿಗಿಂತ ಹೆಚ್ಚು ಕಾಲ ಇಡಕೂಡದೆಂದು 22ನೆಯ ವಿಧಿ ಹೇಳಿತು. 1950ರಲ್ಲಿ ಸರ್ದಾರ್ ಪಟೇಲರು ಇಂಥ ಕಾಯ್ದೆಯನ್ನು ಮಂಡಿಸುವಾಗ, ಅದಕ್ಕಾಗಿ ನಿದ್ದೆಗೆಟ್ಟುದನ್ನು ಮುಚ್ಚಿಡಲಿಲ್ಲ. ಒಂದು ವರ್ಷಕ್ಕೆಂದು ಬಂದ ಆ ಕಾಯ್ದೆ ಮತ್ತೆಮತ್ತೆ ಮುಂದುವರಿದು 1969ರ ಕೊನೆಯವರೆಗೆ ಬಾಳಿತು. 1971ರಲ್ಲಿ ಮೀಸಾ ಬಂತು. ತುರ್ತುಪರಿಸ್ಥಿತಿಯಲ್ಲಿ ಅದು ಏನು ಮಾಡಿತೆಂಬುದನ್ನು ಕನ್ನಡಿಗರು ಮರೆಯಲಾರರು. 'ಸಂಸ್ಕಾರ' ಚಿತ್ರದ ನಟಿ ಸ್ನೇಹಲತಾ ರೆಡ್ಡಿ ಅದರಡಿ ಬೆಂಗಳೂರಿನ ಸೆರೆಮನೆಯಲ್ಲಿದ್ದು, ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು.

ಮುಂದಿನ ಸರಕಾರದಲ್ಲಿ ಹೀಗೆ ಸೆರೆಯುಂಡವರೇ ಹಲವರಿದ್ದರು. ಮೀಸಾ 1978ರಲ್ಲಿ ರದ್ದಾಯಿತು. ಆದರೆ ಅದೇ ವರ್ಷದ 44ನೆಯ ತಿದ್ದುಪಡಿ ಅಧಿಕಾರವನ್ನೇ ತೆಗೆಯಲಿಲ್ಲ. ಮೂರು ತಿಂಗಳನ್ನು ಎರಡಕ್ಕಿಳಿಸಿತು, ಅಷ್ಟೆ. ಅಷ್ಟನ್ನೂ ಇಂದಿನವರೆಗೆ ಜಾರಿಗೆ ತಂದಿಲ್ಲ. 1980ರಲ್ಲಿ ಬಂದ ರಾಷ್ಟ್ರೀಯ ಭದ್ರತಾ ಕಾಯ್ದೆ ಈಗಲೂ ಇದೆ. 1919ರ ಮಾತನ್ನು ಇಂದು ಆಡಿದವನು ಅತಿರೇಕಿ ಎನಿಸುತ್ತಾನೆ.

ಹಾಗಾದರೆ ರಾಜಿಯೇ ತಪ್ಪೇ? ಅಲ್ಲ. 1929ರ ಶಾರದಾ ಕಾಯ್ದೆ ಹೆಣ್ಣುಮಕ್ಕಳ ಮದುವೆಯ ವಯಸ್ಸನ್ನು 14ಕ್ಕೆ ನಿಲ್ಲಿಸಿತು. ಅದೂ ರಾಜಿಯೇ. ಆದರೆ ಇದು ಸಾಲದೆನ್ನುವವರು ಸುಮ್ಮನಾಗಲಿಲ್ಲ. 1949ರಲ್ಲಿ ಅದು 15 ಆಯಿತು, 1978ರಲ್ಲಿ 18. ಅಲ್ಲಿಯೂ ನಡುದಾರಿ ಸರಿಯಿತು, ಒಳ್ಳೆಯದರ ಕಡೆಗೆ.

ಈ ಎರಡಕ್ಕೂ ಇರುವ ಅಂತರ ನೆನಪಿನದು. ಮದುವೆಯ ವಿಷಯದಲ್ಲಿ ಗುರಿಯನ್ನು ನೆನಪಿಟ್ಟವರಿದ್ದರು. ಸೆರೆಯ ವಿಷಯದಲ್ಲಿ ನಾವು ಕಳೆದ ರಾಜಿಯಿಂದಲೇ ಅಳೆಯತೊಡಗಿ, ಮೊದಲು ಎಲ್ಲಿ ನಿಂತಿದ್ದೆವೆಂಬುದನ್ನು ಮರೆತೆವು. ಎರಡು ಪಕ್ಷಗಳ ನಡುವೆ ನಿಂತ ಮಾತ್ರಕ್ಕೆ ನಾವು ನ್ಯಾಯದ ಪಕ್ಷದಲ್ಲಿದ್ದೇವೆಂದು ಭಾವಿಸಬಾರದು. ರಾಜಿ ಮಾಡಿಕೊಳ್ಳೋಣ, ಬಾಂದುಕಲ್ಲನ್ನು ಮಾತ್ರ ಕೀಳದಿರೋಣ. ಏನನ್ನು, ಯಾವಾಗ, ಯಾಕಾಗಿ ಬಿಟ್ಟುಕೊಟ್ಟೆವೆಂಬುದನ್ನು ಮಕ್ಕಳಿಗೂ ತಿಳಿಸಿಡೋಣ.